ದೀಪಾವಳಿ ಸಂತಿಗೆ ಎಲ್ಲಿ ಹೋಗೂಣು? ಜವಳಿ ಸಾಲು, ಸುಭಾಸ ರಸ್ತೆ, ಮಾಲ್, ಮೊಬೈಲ್

ದಸರಾ ಬನ್ನಿ ಕೊಟ್ಟು ವಾರ ಕಳೆಯುವುದರೊಳಗೆ ಗದಗಿನಿಂದ ನಾದಿನಿಯ ಫೋನ್ ಬರುತ್ತದೆ. ಪ್ರತಿ ವರ್ಷ ಅವಳದು ಒಂದೇ ಪ್ರಶ್ನೆ: "ವೈನಿ, ಹಬ್ಬದ ಸಂತಿಗೆ ಹುಬ್ಬಳ್ಳಿಗೆ ಬರ್ಲೇನು, ಇಲ್ಲಾ ಮೊಬೈಲ್‌ನ್ಯಾಗ ತರಿಸಿಬಿಡ್ಲೇನು?" ಈ ಸಲ ಅವಳಿಗೆ ಅರ್ಧ ತಾಸು ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಗದಗ, ಹಾವೇರಿ, ನವಲಗುಂದದ ಕಡೆಯಿಂದ ಹಬ್ಬದ ಸಂತಿಗೆ ಹುಬ್ಬಳ್ಳಿ ಹಾದಿ ಹಿಡಿಯುವ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆದಿರುತ್ತದೆ.

ರೇಟು ಎಲ್ಲಿ ಕಡಿಮೆ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಹದಿನಾರು ವರ್ಷ ಈ ಮನೆಯ ಹಬ್ಬದ ಸಂತೆ ಮಾಡಿದ ಮೇಲೆ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಪಾಡ್ಯದ ಮರುದಿನ ಆ ವಸ್ತುವಿನಲ್ಲಿ ಏನಾದರೂ ಐಬು ಕಂಡರೆ ನಾನು ಯಾರ ಬಾಗಿಲಿಗೆ ಹೋಗಬೇಕು? ಅವರು ನನ್ನ ಮಾತು ಕೇಳುತ್ತಾರೋ ಇಲ್ಲವೋ? ಹಬ್ಬದ ಗದ್ದಲದಲ್ಲಿ ಯಾರಿಗೂ ಪೂರ್ತಿ ನೋಡಿ ಕೊಳ್ಳುವ ಪುರಸೊತ್ತು ಇರುವುದಿಲ್ಲ, ಆದ್ದರಿಂದ ತಪ್ಪು ಆಗಿಯೇ ಆಗುತ್ತದೆ. ಆ ತಪ್ಪನ್ನು ತಿದ್ದಿಕೊಡುವ ಜಾಗ ಯಾವುದು ಎಂದು ನೋಡಿದರೆ ಆಯ್ಕೆ ಬಹಳ ಸುಲಭವಾಗುತ್ತದೆ.

ಹುಬ್ಬಳ್ಳಿ ಪೇಟೆ

ದುರ್ಗದ ಬೈಲು, ಬ್ರಾಡ್‌ವೇ, ಜವಳಿ ಸಾಲು, ದಾಜಿಬಾನ ಪೇಟೆ, ಕೊಪ್ಪಿಕರ್ ರಸ್ತೆ ಎಲ್ಲವೂ ಒಂದಕ್ಕೊಂದು ಕಾಲ್ನಡಿಗೆಯ ದೂರದಲ್ಲಿವೆ. ಆಕಾಶಬುಟ್ಟಿಯಿಂದ ಅಳಿಯನ ಧೋತರದ ತನಕ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಈ ಅನುಕೂಲ ಬೇರೆ ಯಾವ ಜಾಗಕ್ಕೂ ಇಲ್ಲ. ಆದರೆ ನೀರು ತುಂಬುವ ಹಬ್ಬದ ಸಂಜೆ ಅಲ್ಲಿ ನಾವು ನಡೆಯುವುದಿಲ್ಲ, ಮಂದಿಯೇ ನಮ್ಮನ್ನು ನೂಕಿಕೊಂಡು ಹೋಗುತ್ತದೆ. ಕೈಯಲ್ಲಿ ಎರಡು ಚೀಲ, ಸೊಂಟದಲ್ಲಿ ಕೂಸು ಇದ್ದರೆ ಅಂಗಡಿಯ ಮೆಟ್ಟಿಲು ಹತ್ತುವುದೇ ಕಷ್ಟ.

ಸೀರೆಗೆ ಮಾತ್ರ ನನ್ನ ಮತ ಕಣ್ಣು ಮುಚ್ಚಿ ಜವಳಿ ಸಾಲಿಗೆ. ಅದಕ್ಕೊಂದು ಕಾರಣ ಇದೆ. ಮೂರು ವರ್ಷದ ಹಿಂದೆ ಅತ್ತೆಯವರ ಜೋಡಿ ಇಳಕಲ್ ಸೀರೆ ತರಲು ಹೋಗಿದ್ದೆ. ಗಾದಿಯ ಮೇಲೆ ಕೂತವರು ಹತ್ತು ಸೀರೆ ಬಿಚ್ಚಿ ಹಾಕಿದರು. ಅತ್ತೆಯವರು ಒಂದರ ಬಣ್ಣವನ್ನೂ ನೋಡಲಿಲ್ಲ, ಸೀದಾ ಸೆರಗು ಹಿಡಿದು ತಿರುವಿದರು. ಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ (ಉದ್ದಕ್ಕೆ ಓಡುವ ನೂಲಿಗೂ) ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಟೋಪ ತೆನಿ ಎಂದು ಕರೆಯುವ ಇಳಕಲ್ ಸೆರಗು ಬರುವುದು ಹಾಗೆ. ಹಿಂಬದಿಯಲ್ಲಿ ಆ ಕೂಡಿಕೆಯ ಸಾಲು ಬೆರಳಿಗೆ ತಾಗುತ್ತದೆ. ಮಷೀನಿನ ನಕಲಿನಲ್ಲಿ ಒಂದೇ ನೂಲು ಒಡಲಿನಿಂದ ಸೆರಗಿಗೆ ಓಡಿರುತ್ತದೆ, ಬೆರಳು ಜಾರಿಕೊಂಡು ಹೋಗುತ್ತದೆ. ಏಳನೇ ಸೀರೆಗೆ ಅವರ ಬೆರಳು ನಿಂತಿತು. "ಇದು ಖರೇ ಐತಿ ನೋಡವಾ," ಅಂದು ನನ್ನ ಕೈಯನ್ನು ಹಿಡಿದು ಅಲ್ಲಿಗೆ ಒತ್ತಿದರು. ಮೊಬೈಲಿನ ಫೋಟೋದಲ್ಲಿ ಈ ಕೂಡಿಕೆ ಕಾಣುವುದಿಲ್ಲ. ಎಷ್ಟು ಹಿಗ್ಗಿಸಿ ನೋಡಿದರೂ ಅದು ಬೆರಳಿಗೇ ತಿಳಿಯಬೇಕು. ಗುಳೇದಗುಡ್ಡದ ಖಣಕ್ಕೂ ಇದೇ ಮಾತು.

ಆ ದಿನ ಎದ್ದು ಬರುವ ಮುಂಚೆ ಅತ್ತೆಯವರು ಕೇಳಿದರು: "ಸಾವ್ಕಾರ್ರ, ಮಗಳಿಗೆ ಬಣ್ಣ ಸೇರಲಿಲ್ಲಂದ್ರ ಬದಲಿ ಕೊಡ್ತೀರಲ್ರಿ?" ಅವರು ಸೀರೆ ಮಡಚುತ್ತಲೇ, "ಫಾಲ್ ಹಚ್ಚಬ್ಯಾಡ್ರಿ, ಘಳಿಗಿ ಮುರೀಬ್ಯಾಡ್ರಿ. ಹಬ್ಬಾಗಿ ಎಂಟು ದಿನದಾಗ ಯಾವಾಗ ಬೇಕಾದ್ರೂ ತರ್ರಿ" ಅಂದರು. ಹಾಗೇ ಆಯಿತು. ನಾದಿನಿಗೆ ಬಣ್ಣ ಸೇರಲಿಲ್ಲ, ಆರನೇ ದಿನಕ್ಕೆ ಬದಲಿ ಸಿಕ್ಕಿತು. ಕೊಳ್ಳುವಾಗ ಈ ಒಂದು ಮಾತನ್ನು ಬಾಯಿ ಬಿಟ್ಟು ಕೇಳಿ. ಹಬ್ಬ ಮುಗಿದ ಮೇಲೆ ಕೇಳುವುದಕ್ಕೂ ದುಡ್ಡು ಕೊಡುವ ಮುಂಚೆ ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಅದೇ ಪೇಟೆಯಲ್ಲಿ ಇದಕ್ಕೆ ಉಲ್ಟಾ ಅನುಭವವೂ ಆಗಿದೆ. ಹಬ್ಬದ ಮುಂಚಿನ ರಾತ್ರಿ ರಸ್ತೆ ಬದಿ ಮಂಚ ಹಾಕಿ ಕೂತವರ ಹತ್ತಿರ ಮಗಳಿಗೆ ಒಂದು ಫ್ರಾಕ್ ಕೊಂಡೆ. ಬೆಳಿಗ್ಗೆ ಎಣ್ಣೆ ನೀರು ಹಾಕಿ ಉಡಿಸಲು ಹೋದರೆ ಝಿಪ್ ಕಿತ್ತು ಕೈಗೆ ಬಂತು. ಮೂರನೇ ದಿನ ಹೋದಾಗ ಆ ಮಂಚವೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಹಬ್ಬದ ನಾಲ್ಕು ದಿನದ ದುಡಿಮೆಗೆ ಊರೂರು ಬಿಟ್ಟು ಬಂದವರು ಅವರು. ಆ ರಾತ್ರಿಯೇ ಅಲ್ಲೇ ನಿಂತು ಝಿಪ್ ನಾಲ್ಕು ಸಲ ಎಳೆದು ನೋಡಬೇಕಿತ್ತು. ಬೀದಿಯಲ್ಲಿ ಕೊಳ್ಳುವ ಬಟ್ಟೆಗೆ ಪರೀಕ್ಷೆ ಅಲ್ಲೇ ಆಗಬೇಕು: ಹೊಲಿಗೆ ಎಳೆಯಿರಿ, ಗುಂಡಿ ಎಣಿಸಿ, ಒದ್ದೆ ಕರವಸ್ತ್ರದಿಂದ ಬಣ್ಣ ಉಜ್ಜಿ.

ಧಾರವಾಡ

ಸುಭಾಸ ರಸ್ತೆ, ಸೂಪರ್ ಮಾರ್ಕೆಟ್, ಲೈನ್ ಬಜಾರ. ಹುಬ್ಬಳ್ಳಿಯ ಅರ್ಧದಷ್ಟೂ ಮಾಲು ಇಲ್ಲಿ ಕಣ್ಣಿಗೆ ಬೀಳುವುದಿಲ್ಲ ನಿಜ. ಆದರೆ ಧಾರವಾಡದಲ್ಲೇ ಮನೆ ಇದ್ದರೆ, ದಿನ ಬೆಳಗಾದರೆ ಮುಖ ನೋಡುವ ಅಂಗಡಿಯವರ ಹತ್ತಿರ ಕೊಳ್ಳುವುದಕ್ಕೆ ಸಮ ಯಾವುದೂ ಇಲ್ಲ. ಮಕ್ಕಳ ಬಟ್ಟೆ, ಒಳ ಉಡುಪು, ಟವೆಲ್, ಹಾಸಿಗೆ ಹೊದಿಕೆ, ಸ್ಟೀಲ್ ಪಾತ್ರೆ, ಕಿರಾಣಿ ಇವಕ್ಕೆಲ್ಲ ಹುಬ್ಬಳ್ಳಿಯ ನೂಕುನುಗ್ಗಲು ಬೇಕಿಲ್ಲ. ಬೀಗರ ಮನೆಗೆ ಒಯ್ಯುವ ಪೇಢೆಯಂತೂ ಲೈನ್ ಬಜಾರದ್ದೇ ಆಗಬೇಕು. ಅದನ್ನು ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ, ಸರದಿ ಅಂಗಡಿ ದಾಟಿ ರಸ್ತೆಗೆ ಬರುತ್ತದೆ.

ಗೋಕುಲ ರಸ್ತೆ, ವಿದ್ಯಾನಗರದ ಮಾಲ್ ಮತ್ತು ದೊಡ್ಡ ಮಳಿಗೆಗಳು

ಇವುಗಳ ಬಲ ಮೂರು: ಹಾಕಿ ನೋಡಲು ಕೋಣೆ ಇದೆ, ಬಿಲ್ಲು ಕೇಳದೆ ಸಿಗುತ್ತದೆ, ಬದಲಿ ಕೊಡುವ ನಿಯಮ ಬಿಲ್ಲಿನ ಬೆನ್ನಿಗೇ ಅಚ್ಚಾಗಿರುತ್ತದೆ. ವಯಸ್ಸಿಗೆ ಬಂದ ಮಕ್ಕಳ ಜೀನ್ಸ್, ಶರ್ಟು, ಬೂಟಿಗೆ ನಾನು ಇಲ್ಲಿಗೇ ಹೋಗುತ್ತೇನೆ. ಬೂಟಿನ ಅಳತೆ ತಪ್ಪಿದರೆ ಮರುವಾರ ಬಿಲ್ಲು ಹಿಡಿದು ಹೋದರೆ ಸಾಕು, ಯಾರನ್ನೂ ಪುಸಲಾಯಿಸಬೇಕಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗಲಿಕ್ಕೂ ಇದೇ ಸರಿ, ಲಿಫ್ಟ್ ಇದೆ, ಶೌಚಾಲಯ ಇದೆ. ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಹುಡುಕುವ ಕಷ್ಟ ಅನುಭವಿಸಿದವರಿಗೆ ಇದು ಸಣ್ಣ ಮಾತು ಅನ್ನಿಸುವುದಿಲ್ಲ.

ಎಚ್ಚರ ಬೇಕಾದದ್ದು 'ಎರಡು ಕೊಂಡರೆ ಒಂದು ಫ್ರೀ' ಎಂಬಲ್ಲಿ. 1,200 ರೂಪಾಯಿಯ ಶರ್ಟು ಮೂರು ಸೇರಿ 2,400ಕ್ಕೆ ಬಂದರೆ ಒಂದಕ್ಕೆ 800 ಬಿತ್ತು, ಒಳ್ಳೆಯದೇ. ಆದರೆ ಮನೆಗೆ ಬೇಕಾದದ್ದು ಒಂದೇ ಶರ್ಟು ಆಗಿದ್ದರೆ ನಿಮ್ಮ ಕೈಯಿಂದ ಹೆಚ್ಚಿಗೆ ಹೋದದ್ದು 1,200. ಇನ್ನೊಂದು, ಸಿದ್ಧ ಉಡುಪಿನ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಮಾರಾಟ ಬೆಲೆ 2,500 ರೂಪಾಯಿ ಒಳಗಿದ್ದರೆ ಜಿಎಸ್‌ಟಿ ಶೇ. 5, ದಾಟಿದರೆ ಶೇ. 18. ಅಂದರೆ ತೆರಿಗೆ ಕೂಡಿಸುವ ಮುಂಚೆ 2,500 ಇರುವ ಕುರ್ತಾಕ್ಕೆ 125 ರೂಪಾಯಿ ತೆರಿಗೆ, 2,600 ಇದ್ದರೆ 468. ನೂರು ರೂಪಾಯಿ ಹೆಚ್ಚಿನ ಕುರ್ತಾ ಕೈಗೆ ಬರುವಾಗ 443 ಹೆಚ್ಚಾಗಿರುತ್ತದೆ. ಶೆರ್ವಾನಿ, ಲೆಹೆಂಗಾ ನೋಡುವಾಗ ಈ ಗೆರೆ ನೆನಪಿರಲಿ.

ಮೊಬೈಲ್

ಆನ್‌ಲೈನ್ ಸೇಲ್ ಬೇಡ ಅಂತ ನಾನು ಹೇಳುವುದಿಲ್ಲ. ಚಾರ್ಜರ್, ಮಿಕ್ಸರ್ ಜಾರು, ಒಂದೇ ಮಾಡೆಲ್ ನಂಬರಿನ ಫೋನು, ಊರಲ್ಲಿ ಸಿಗದ ಪುಸ್ತಕ, ಇಂಥವಕ್ಕೆ ಮೊಬೈಲೇ ಮೇಲು. ವಸ್ತು ಎಲ್ಲಿ ಕೊಂಡರೂ ಅದೇ ಇರುತ್ತದೆ, ಮುಟ್ಟಿ ನೋಡುವುದು ಏನೂ ಇಲ್ಲ. ಗದಗಿನ ಹಳ್ಳಿಯಲ್ಲಿ ಇರುವವರಿಗೆ ಬಸ್ ಖರ್ಚು, ಒಂದು ದಿನದ ಪಗಾರ ಉಳಿಯುವುದೂ ಲೆಕ್ಕಕ್ಕೆ ಬರಬೇಕು.

ನನ್ನ ತಪ್ಪು ಫ್ರಿಜ್ಜಿನಲ್ಲಿ ಆಯಿತು. ಸೇಲ್ ಶುರುವಾದ ರಾತ್ರಿ ಹನ್ನೆರಡಕ್ಕೆ ಎದ್ದು ಕೂತು, ಇನ್ನು ಎರಡೇ ಪೀಸ್ ಉಳಿದಿವೆ ಎಂಬ ಕೆಂಪು ಅಕ್ಷರ ನೋಡಿ ಗಡಿಬಿಡಿಯಲ್ಲಿ ದೊಡ್ಡ ಫ್ರಿಜ್ ಆರ್ಡರ್ ಮಾಡಿದೆ. ನಮ್ಮದು ಹಳೇ ಮನೆ, ಅಡಿಗಿಮನೆಯ ಬಾಗಿಲು 26 ಇಂಚು. ಫ್ರಿಜ್ಜಿನ ಅಗಲ 27. ಅಡ್ಡ ತಿರುಗಿಸಿದರೆ ಆಳ ಅದಕ್ಕಿಂತ ಹೆಚ್ಚು. ತಂದ ಹುಡುಗರು ಪಡಸಾಲೆಯಲ್ಲಿ ಇಳಿಸಿ ಸಹಿ ಹಾಕಿಸಿಕೊಂಡು ಹೋದರು. ವಾಪಸ್ ಒಯ್ಯಿರಿ ಎಂದು ಕೇಳಿದರೆ, ವಸ್ತುವಿನಲ್ಲಿ ದೋಷ ಇದ್ದರೆ ಮಾತ್ರ ಬದಲಿ ಎಂಬ ಉತ್ತರ ಮೂರು ಸಲ ಬಂತು, ಮೂರು ಸಲವೂ ಬೇರೆ ಬೇರೆ ಹೆಸರಿನಿಂದ. ಲಕ್ಷ್ಮೀ ಪೂಜೆ ಆ ಪಡಸಾಲೆಯ ಫ್ರಿಜ್ಜಿನ ಪಕ್ಕದಲ್ಲೇ ನಡೆಯಿತು. ಕಡೆಗೆ ಬಡಿಗೇರರು ಬಂದು ಬಾಗಿಲ ಚೌಕಟ್ಟು ಬಿಚ್ಚಿ ಒಳಗೆ ಹೊಗಿಸಿ ಮತ್ತೆ ಕೂಡಿಸಿದರು. ಸೇಲಿನಲ್ಲಿ ಉಳಿದದ್ದು 1,500, ಬಡಿಗೇರರಿಗೆ ಕೊಟ್ಟದ್ದು 2,200. ಮರುವರ್ಷ ವಾಷಿಂಗ್ ಮಷೀನನ್ನು ಊರಿನ ಅಂಗಡಿಯಲ್ಲೇ ಕೊಂಡೆವು. ಮಾಲು ಕಳಿಸುವ ಮುಂಚೆ ಅಂಗಡಿಯ ಹುಡುಗ ಟೇಪು ಹಿಡಿದು ಮನೆಗೆ ಬಂದು ಬಾಗಿಲು, ನಳದ ಎತ್ತರ, ನೀರು ಹೋಗುವ ಮೋರಿ ಎಲ್ಲ ಅಳೆದುಕೊಂಡು ಹೋದ.

ಆ 1,500ರ ಲೆಕ್ಕವನ್ನೂ ಹೇಳುತ್ತೇನೆ. ಕಾರ್ಡಿಗೆ ಶೇ. 10 ರಿಯಾಯಿತಿ ಎಂದಿತ್ತು. 42,000ಕ್ಕೆ 4,200 ಬರುತ್ತದೆ ಅಂದುಕೊಂಡಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಗರಿಷ್ಠ 1,500' ಎಂದು ಬರೆದಿತ್ತು. ಶೇಕಡಾ ಹತ್ತು ಅಂದದ್ದು ಮೂರೂವರೆಗೆ ಇಳಿಯಿತು. ಹಾಗೇ 'ನೋ ಕಾಸ್ಟ್ ಇಎಂಐ'. ಶೂನ್ಯ ಬಡ್ಡಿಯ ಕಂತಿನ ಹೆಸರಿನಲ್ಲಿ ಬಡ್ಡಿಯನ್ನು ಮರೆಮಾಚಬಾರದು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಈಗ ಬಡ್ಡಿ ಹಾಕಿ, ಅಷ್ಟನ್ನೇ ಬೆಲೆಯಲ್ಲಿ ಕಡಿಮೆ ಮಾಡಿ ತೋರಿಸುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ ನಿಮ್ಮ ಮೇಲೆಯೇ ಬೀಳುತ್ತದೆ. ಬಡ್ಡಿ 2,400 ಆದರೆ ತೆರಿಗೆ 432, ಮೇಲೆ ಪ್ರೊಸೆಸಿಂಗ್ ಫೀ. ಕಂತು ಬೇಕೇ ಬೇಕಾದರೆ ತೆಗೆದುಕೊಳ್ಳಿ, ಪುಕ್ಕಟೆ ಎಂದು ತಿಳಿದು ತೆಗೆದುಕೊಳ್ಳಬೇಡಿ. ಬೇಕಾದ ವಸ್ತುವಿನ ಬೆಲೆಯನ್ನು ಗಣಪತಿ ಹಬ್ಬದ ಹೊತ್ತಿಗೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ದೀಪಾವಳಿಯ 'ಶೇ. 60 ಕಡಿತ' ಎಷ್ಟು ನಿಜ ಎಂದು ಆ ಚೀಟಿಯೇ ಹೇಳುತ್ತದೆ.

ಟಿವಿ, ಫ್ರಿಜ್ಜಿನ ಅಂಗಡಿಗಳಲ್ಲಿ ಈಗ ಜಿಎಸ್‌ಟಿ ಇಳಿಕೆಯ ಮಾತು ಬಹಳ ಕೇಳಿಬರುತ್ತದೆ. 32 ಇಂಚು ದಾಟಿದ ಟಿವಿ, ಏಸಿ, ಪಾತ್ರೆ ತೊಳೆಯುವ ಮಷೀನು ಶೇ. 28ರಿಂದ 18ಕ್ಕೆ ಇಳಿದದ್ದು ಖರೆ. ಫ್ರಿಜ್ ಮತ್ತು ವಾಷಿಂಗ್ ಮಷೀನು 2018ರಿಂದಲೇ ಶೇ. 18ರಲ್ಲಿವೆ. ಅವುಗಳಿಗೂ ತೆರಿಗೆ ಇಳಿದಿದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಬೆಲೆಯನ್ನಷ್ಟೇ ಹೋಲಿಸಿ. ದೊಡ್ಡ ಸಾಮಾನಿಗೆ ನನ್ನ ಸಲಹೆ ಇದು: ಮೊಬೈಲಿನಲ್ಲಿ ಬೆಲೆ ನೋಡಿ, ಅದನ್ನು ಊರಿನ ಅಂಗಡಿಯಲ್ಲಿ ತೋರಿಸಿ. ಸಾವಿರ, ಎರಡು ಸಾವಿರದ ಅಂತರ ಇದ್ದರೆ ಅಂಗಡಿಯಲ್ಲೇ ಕೊಳ್ಳಿ. ಆರು ಸಾವಿರ ಇದ್ದರೆ ಮೊಬೈಲಿನಲ್ಲಿ ತರಿಸಿ, ಆದರೆ ಟೇಪು ಹಿಡಿದು ಬಾಗಿಲು ಅಳೆದ ಮೇಲೆ, ಮತ್ತು ಆ ಕಂಪನಿಯ ಸರ್ವೀಸ್ ಸೆಂಟರ್ ಹುಬ್ಬಳ್ಳಿಯಲ್ಲಿ ಇದೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೆ.

ಜನ ಮರೆಯುವ ಎರಡು ಜಾಗ

ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. 1957ರಿಂದ ಇರುವ ಸಂಘ ಅದು. ಆದರೆ ಹಬ್ಬದ ಬಟ್ಟೆಗೆ ಖಾದಿ ಮಳಿಗೆಯ ನೆನಪು ನಮಗೆ ಬರುವುದಿಲ್ಲ. ಗಾಂಧಿ ಜಯಂತಿಗೆ ಖಾದಿಗೆ ರಿಯಾಯಿತಿ ಶುರುವಾಗುತ್ತದೆ, ಹೊಲಿಸಲಿಕ್ಕೂ ದೀಪಾವಳಿ ತನಕ ದಿನ ಉಳಿದಿರುತ್ತವೆ. ಮಾವನವರ ಅಂಗಿ ಬಟ್ಟೆ ನಾನು ತರುವುದು ಖಾದಿಯದ್ದೇ, ನೂಕುನುಗ್ಗಲು ಇಲ್ಲ, ಕೂತು ಆರಿಸಬಹುದು. ಗದಗಿನವರಿಗಂತೂ ಮನೆ ಬಾಗಿಲಲ್ಲೇ ಬೆಟಗೇರಿ ಇದೆ. ನೇಕಾರರ ಓಣಿಯಲ್ಲಿ ಸೀರೆ ಕೊಂಡರೆ ನೇಯ್ದ ಕೈಗೇ ದುಡ್ಡು ಹೋಗುತ್ತದೆ. ಎಳೆ ತಪ್ಪಿದ್ದರೆ ಒಂದು ತಾಸಿನಲ್ಲಿ ಅದೇ ಮನೆಗೆ ಹೋಗಿ ತೋರಿಸಬಹುದು. ನಾದಿನಿಗೆ ಇದನ್ನು ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದೇನೆ.

ಬಂಗಾರಕ್ಕೆ ಹೋಲಿಕೆ ಬಹಳ ಬೇಕಿಲ್ಲ. ಮನೆತನದ ಸರಾಫರು ಇರಲಿ, ದೊಡ್ಡ ಮಳಿಗೆ ಇರಲಿ, ಶುದ್ಧತೆಗೆ ಹಾಕುವ ಬಿಐಎಸ್ ಗುರುತು, 22 ಕ್ಯಾರೆಟ್‌ಗೆ 916, ಒಂದೊಂದು ಒಡವೆಗೂ ಬೇರೆಯಾಗಿರುವ ಆರು ಅಕ್ಷರದ ಎಚ್‌ಯುಐಡಿ ಈ ಮೂರೂ ಇರಲೇಬೇಕು. ಆ ಆರು ಅಕ್ಷರವನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಅಲ್ಲೇ ಕೂತು ಹಾಕಿ ನೋಡಿ. ಹಬ್ಬದ ದಿನ 'ಮೇಕಿಂಗ್ ಚಾರ್ಜ್ ಇಲ್ಲ' ಎಂದರೆ ಆ ದಿನದ ಗ್ರಾಮ್ ದರವನ್ನು ಎರಡು ಅಂಗಡಿಯಲ್ಲಿ ಕೇಳಿ.

ಹಣತೆ, ಚೆಂಡು ಹೂವು, ಕಬ್ಬು, ಬಾಳೆಕಂಬ ಇವು ಬೀದಿಯದ್ದೇ ಆಗಬೇಕು. ಹಣತೆಯನ್ನು ಕುಂಬಾರರ ಹತ್ತಿರ ವಾರ ಮುಂಚೆ ತಂದು ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಎಣ್ಣೆ ಕಡಿಮೆ ಹೀರುತ್ತವೆ. ಹೂವು ಅಮಾವಾಸ್ಯೆಯ ಬೆಳಿಗ್ಗೆಯೇ ತರುವ ವಸ್ತು, ಅಲ್ಲಿ ಚೌಕಾಶಿ ಮಾಡಬೇಡಿ. ಸಂಜೆ ತನಕ ಉಳಿದ ಹೂವು ಬೆಳೆದವರಿಗೆ ಬರೀ ಕಸವಾಗಿಬಿಡುತ್ತದೆ.

ಯಾವ ದಿನ, ಯಾವ ಹೊತ್ತು

ಪೇಟೆಗೆ ಹೋಗುವುದಾದರೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಅದೂ ಹಬ್ಬಕ್ಕೆ ಹತ್ತು ದಿನ ಮುಂಚೆ. ಬ್ಲೌಸು ಹೊಲಿಯುವವರು ಹಬ್ಬದ ಕೊನೆಯ ವಾರ ಹೊಸ ಬಟ್ಟೆ ಹಿಡಿಯುವುದೇ ಇಲ್ಲ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹೋಗಿ, ಸ್ವಂತ ಗಾಡಿ ಬೇಡ. ಬ್ರಾಡ್‌ವೇ ಸುತ್ತಮುತ್ತ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಮುಂಜಾನೆ ಕಳೆಯುತ್ತದೆ. ಸ್ವಲ್ಪ ನಗದು ಇರಲಿ, ಗದ್ದಲದಲ್ಲಿ ನೆಟ್‌ವರ್ಕ್ ಸಿಗದೆ ಫೋನಿನ ಪಾವತಿ ಸುತ್ತುತ್ತಲೇ ಇರುತ್ತದೆ. ಸಣ್ಣ ಮಕ್ಕಳ ಅಂಗಿ ಕಿಸೆಯಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇಡಿ. ಸಂತೆ ಮುಗಿದ ಮೇಲೆ ದುರ್ಗದ ಬೈಲಿನಲ್ಲಿ ಗಿರಮಿಟ್ಟು, ಮಿರ್ಚಿ ತಿಂದೇ ಬಸ್ ಹತ್ತಿ, ಹಸಿದ ಹೊಟ್ಟೆಯಲ್ಲಿ ಕೊನೆಯ ಅಂಗಡಿಯ ಆಯ್ಕೆ ಯಾವಾಗಲೂ ತಪ್ಪಾಗುತ್ತದೆ.

ಅಂಗಡಿ ಪೂಜೆಯ ಸಂಜೆ ಬದಲಿಗೆ, ವಾಪಸಿಗೆ ಹೋಗಬೇಡಿ. ಕೆಲವರು ಅಮಾವಾಸ್ಯೆಗೆ, ಕೆಲವರು ಪಾಡ್ಯಕ್ಕೆ ಪೂಜೆ ಇಟ್ಟುಕೊಂಡಿರುತ್ತಾರೆ. ಆ ದಿನ ಗಲ್ಲೆಯಿಂದ ಲಕ್ಷ್ಮಿಯನ್ನು ಹೊರಗೆ ಕೊಡುವುದಿಲ್ಲ ಎಂಬ ನಂಬಿಕೆ ಅವರದು, ಅದನ್ನು ಗೌರವಿಸಬೇಕು. ಎರಡು ದಿನ ತಡೆದು ಹೋಗಿ.

ಆದರೆ ಹೋಗಲೇಬೇಕು. 'ಮಾರಿದ ಮಾಲು ವಾಪಸ್ ಇಲ್ಲ' ಎಂಬ ರಬ್ಬರ್ ಸ್ಟ್ಯಾಂಪಿಗೆ ಹೆದರಿ ಸುಮ್ಮನಿರುವವರೇ ನಮ್ಮಲ್ಲಿ ಹೆಚ್ಚು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಅವಧಿ ಬರೆದೇ ಇಲ್ಲದಿದ್ದರೆ 30 ದಿನ. ಬಿಲ್ಲು ಕೊಡದಿರುವುದೂ ಅನುಚಿತ ಪದ್ಧತಿಯೇ. ಬಣ್ಣ ಸೇರಲಿಲ್ಲ, ಮನಸ್ಸು ಬದಲಾಯಿತು ಎಂಬುದಕ್ಕೆ ಇದು ಅನ್ವಯಿಸುವುದಿಲ್ಲ, ಅದು ಅಂಗಡಿಯವರ ಒಳ್ಳೆಯತನ. ಹರಿದ ಹೊಲಿಗೆ, ಕಿತ್ತ ಝಿಪ್, ನಡೆಯದ ಮಷೀನು ಇವಕ್ಕೆ ನಿಮ್ಮ ಹಕ್ಕು ಇದೆ. ಮೊದಲು ಅಂಗಡಿಯವರ ಜೋಡಿ ಸಮಾಧಾನದಿಂದ ಮಾತಾಡಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದ ತನಕದ ಖರೀದಿಯ ದೂರಿಗೆ ಶುಲ್ಕ ಇಲ್ಲ. ಇದಕ್ಕೆಲ್ಲ ಕೈಯಲ್ಲಿ ಬಿಲ್ಲು ಬೇಕು. ಹಬ್ಬದ ಬಿಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ದೇವರ ಮನೆಯ ಮೊಳೆಗೆ ನೇತು ಹಾಕುವುದು ನಮ್ಮ ಮನೆಯ ರೂಢಿ. ಸಣ್ಣ ಕಾಗದದ ಮಷೀನ್ ಬಿಲ್ಲಿನ ಅಕ್ಷರ ತಿಂಗಳಲ್ಲಿ ಮಾಸುತ್ತದೆ, ಅದರ ಫೋಟೋ ತೆಗೆದಿಡಿ.

ನಾದಿನಿಯ ಜೋಡಿ ಕಡೆಗೆ ಹೀಗೆ ಠರಾಯಿಸಿಕೊಂಡೆವು. ಅತ್ತೆಯವರಿಗೆ ಸೀರೆ ಅವಳು ಬೆಟಗೇರಿಯಲ್ಲೇ ನೋಡುತ್ತಾಳೆ. ಅವಳ ಮಗನ ಫೋನು ಮೊಬೈಲಿನಲ್ಲಿ ತರಿಸುತ್ತೇವೆ. ಅವಳ ಇಳಕಲ್ ಸೀರೆಗೆ ಮತ್ತು ಅಳಿಯನ ಬಟ್ಟೆಗೆ ಹಬ್ಬಕ್ಕೆ ಹನ್ನೆರಡು ದಿನ ಮುಂಚಿನ ಮಂಗಳವಾರ ಮುಂಜಾನೆ ಗಾಡಿಗೆ ಹುಬ್ಬಳ್ಳಿಗೆ ಬರುತ್ತಾಳೆ, ನಾನು ಧಾರವಾಡದಿಂದ ಹೋಗಿ ಸ್ಟೇಶನ್ನಿನಲ್ಲಿ ನಿಂತಿರುತ್ತೇನೆ. ಅಳತೆ ಬ್ಲೌಸು ಮರೆಯದೆ ತಾ ಎಂದು ಎರಡು ಸಲ ಹೇಳಿದ್ದೇನೆ, ಹೋದ ವರ್ಷ ಅದನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದಳು.